ತೋಳಿಗೆ ಸಿಕ್ಕ ಕೆಲಸ

ಒಜೆಲ್ಲಾ ಟಿಬ್ಸ್‌ಳ ತೋಳಿಗೆ ಯುದ್ಧದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಿಕ್ಕ ಒಜೆಲ್ಲಾಳಿಗೆ ಸಿಗಲಿಲ್ಲ.

ಇದು ಹೇಗಾಯಿತೆಂದು ಅವಳೇ ಮನೆಮುಂದಿನ ಮೆಟ್ಟಿಲ ಮೇಲೆ ಕೂತು ನಮಗೆಲ್ಲ ನೂರು ಸಲ ಹೇಳಿದ್ದಾಳೆ. ಪ್ರತಿ ಸಲವೂ ನಗುತ್ತಲೇ ಹೇಳಿದ್ದಾಳೆ. ನಗದೆ ಹೇಳಲು ಹೋದರೆ ಕೈಗೆ ಸಿಕ್ಕಿದ್ದನ್ನು ಎತ್ತಿ ಯಾರ ಮೇಲಾದರೂ ಎಸೆಯಬೇಕಾಗುತ್ತದೆ. ನಮ್ಮ ಬಾಲ್ಟಿಮೋರಿನಲ್ಲಿ ಕರಿಯ ಹೆಂಗಸು ಹಾಗೆಲ್ಲ ಎಸೆದು ಮನೆಗೆ ವಾಪಸು ಬರುವ ಪದ್ಧತಿ ಇಲ್ಲ.

ಒಜೆಲ್ಲಾ ಬಟ್ಟೆ ಒಗೆಯುವವಳು. ಅವಳ ತಾಯಿ ಒಗೆಯುವವಳು, ಅಜ್ಜಿ ಒಗೆಯುವವಳು. ಅಜ್ಜಿಯ ತಾಯಿಯನ್ನು ಮಾರಿದಾಗ ಚೀಟಿಯಲ್ಲಿ ‘ಒಗೆತ ಚೆನ್ನಾಗಿ ಬಲ್ಲಳು’ ಎಂದು ಬರೆದಿದ್ದರಂತೆ. ಸೋಮವಾರ ಬಿಳಿಯರ ಮನೆಗಳಿಂದ ಗಂಟು ತರುವುದು. ಮಂಗಳವಾರ ಹಿತ್ತಲಲ್ಲಿ ಹಂಡೆ ಹೂಡಿ ಕ್ಷಾರದ ಸಬೂನು ಹಾಕಿ ಕುದಿಸುವುದು. ತಗಡಿನ ಹಲಗೆಯ ಮೇಲೆ ತಿಕ್ಕುವುದು, ಹಿಂಡುವುದು, ಮತ್ತೆ ತಿಕ್ಕುವುದು, ಮತ್ತೆ ಹಿಂಡುವುದು. ನೆನೆದ ಜೋಡಿ ಹಾಸಿಗೆಯ ಬಟ್ಟೆ ಒಂದು ಕರುವಿನಷ್ಟು ತೂಗುತ್ತದೆ. ಅಂಥ ಮೂವತ್ತು ಕರುಗಳನ್ನು ವಾರಕ್ಕೊಮ್ಮೆ ಹಿಂಡಿ ಹಿಂಡಿ ಒಜೆಲ್ಲಾಳಿಗೆ ಮೂವತ್ತಾರನೇ ವಯಸ್ಸಿಗೆ ಕುಸ್ತಿಯವರ ತೋಳು ಬಂದಿತ್ತು. ಬೆರಳುಗಳು ಮಾತ್ರ ಕ್ಷಾರಕ್ಕೆ ಬಿರಿದು ಚಳಿಗಾಲದಲ್ಲಿ ರಕ್ತ ಸುರಿಸುತ್ತಿದ್ದವು. ಅವಳ ತಾಯಿಗೆ ಐವತ್ತಕ್ಕೇ ಮುಷ್ಟಿ ಮಡಿಸಲು ಬರುತ್ತಿರಲಿಲ್ಲ. ಸತ್ತಾಗ ಎದೆಯ ಮೇಲೆ ಕೈ ಜೋಡಿಸಲು ಹೋದರೆ ಬೆರಳುಗಳು ಬಗ್ಗಲೇ ಇಲ್ಲ. ಆ ಕೈಗಳನ್ನು ಒಜೆಲ್ಲಾ ಮರೆತಿರಲಿಲ್ಲ.

ಗಿರಾಕಿಗಳಲ್ಲಿ ಮಿಸ್ಟರ್ ಪ್ರೂಯೆಟ್ ಎಂಬ ಚಿತ್ರಗಾರನೊಬ್ಬನಿದ್ದ. ಅವನ ಅಂಗಿಗಳಿಗೆಲ್ಲ ಬಣ್ಣ. ಯುದ್ಧ ಶುರುವಾದ ಮೇಲೆ ಸರಕಾರಕ್ಕೆ ಪೋಸ್ಟರ್ ಬರೆಯುವ ಕೆಲಸ ಹಿಡಿದಿದ್ದ. ಗಂಡಸರೆಲ್ಲ ಯುದ್ಧಕ್ಕೆ ಹೋದರು, ಹೆಂಗಸರು ಕಾರ್ಖಾನೆಗೆ ಬನ್ನಿ ಎಂದು ಕರೆಯುವ ಪೋಸ್ಟರ್. ಒಂದು ಶನಿವಾರ ಒಜೆಲ್ಲಾ ಇಸ್ತ್ರಿಯ ಗಂಟು ಹೊತ್ತು ಒಳಗೆ ಹೋದಾಗ ಅವನ ಮುಂದೆ ಮಿಸ್ ಅಡೀನ್ ಎಂಬ ಹುಡುಗಿ ತಲೆಗೆ ಕೆಂಪು ವಸ್ತ್ರ ಕಟ್ಟಿ, ತೋಳು ಮಡಿಸಿ ನಿಂತಿದ್ದಳು. ದೊಡ್ಡ ಅಂಗಡಿಯೊಂದರಲ್ಲಿ ಹ್ಯಾಟು ಮಾರುವವಳು. ಆ ಅಂಗಡಿಯಲ್ಲಿ ನಮ್ಮವರು ಹ್ಯಾಟು ಕೊಳ್ಳಬಹುದು, ತಲೆಗೆ ಇಟ್ಟು ನೋಡುವಂತಿಲ್ಲ. ಮುಖವೇನೋ ಗೊಂಬೆಯದು. ತೋಳು ಬೇಯಿಸಿದ ಶಾವಿಗೆ. ಪ್ರೂಯೆಟ್ ಬರೆದು ಬರೆದು ಅಳಿಸುತ್ತಿದ್ದ.

ಗಂಟು ಇಳಿಸಿ ತಿರುಗಿದ ಒಜೆಲ್ಲಾಳನ್ನು ನೋಡಿ ಅವನು ಕುಂಚ ಕೆಳಗಿಟ್ಟ. ತೋಳು ಮೇಲೇರಿಸು ಅಂದ. ಏರಿಸಿದಳು. ಒಂದು ಪೊರಕೆಯ ಕೋಲು ಕೊಟ್ಟು, ಇದು ವಿಮಾನದ ತಗಡಿಗೆ ರಿವೆಟ್ ಮೊಳೆ ಹೊಡೆಯುವ ಗನ್ನು ಅಂದುಕೋ, ಗಟ್ಟಿಯಾಗಿ ಹಿಡಿ ಅಂದ. ಗನ್ನು ಹೇಗಿರುತ್ತದೆಂದು ಅವಳಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಗಟ್ಟಿಯಾಗಿ ಹಿಡಿ ಅಂದರೆ ಅವಳ ಕೈಗೆ ಒಂದೇ ಹಿಡಿತ ಗೊತ್ತು. ಹಾಗೇ ಹಿಡಿದಳು. ಎರಡು ತಾಸು ನಿಂತದ್ದಕ್ಕೆ ಒಂದು ಡಬ್ಬಿ ಪೀಚ್ ಹಣ್ಣು ಕೊಟ್ಟ. ಸಕ್ಕರೆಗೂ ರೇಷನ್ ಚೀಟಿ ಇದ್ದ ಕಾಲ. ಅವಳು ಖುಷಿಯಿಂದಲೇ ಬಂದಳು.

ಎರಡು ತಿಂಗಳಾದ ಮೇಲೆ ಟ್ರಾಮ್ ನಿಲ್ದಾಣದ ಗೋಡೆಯ ಮೇಲೆ ಆ ಪೋಸ್ಟರ್ ಬಂತು. ಮೊದಲು ಕಂಡದ್ದು ಜೊತೆಯಲ್ಲಿದ್ದ ಅವಳ ನಾದಿನಿ ವರ್ಡಿಗೆ. ವರ್ಡಿಯೂ ಒಗೆಯುವವಳೇ, ಅದೇ ಹಿತ್ತಲಲ್ಲಿ ಪಕ್ಕದ ಹಂಡೆ ಅವಳದು. ಪೋಸ್ಟರಿನಲ್ಲಿ ಕೆಂಪು ವಸ್ತ್ರದ ಬಿಳಿ ಹುಡುಗಿ ನಗುತ್ತಿದ್ದಳು. ಅವಳ ಭುಜದಿಂದ ಹೊರಟ ತೋಳು ಬೆಂದ ಸೀಗಡಿಯ ನಸುಗೆಂಪು ಬಣ್ಣದ್ದು. ಕೆಳಗೆ ದೊಡ್ಡ ಅಕ್ಷರಗಳಲ್ಲಿ: ‘ದೇಶಕ್ಕೆ ನಿಮ್ಮ ತೋಳು ಬೇಕು.’

ವರ್ಡಿ ಹತ್ತಿರ ಹೋದಳು. ಹಿಂದೆ ಸರಿದಳು. ಮತ್ತೆ ಹತ್ತಿರ ಹೋದಳು.

“ಅತ್ತಿಗೆ, ಈ ಹುಡುಗಿ ಗನ್ನು ಹಿಡಿದಿಲ್ಲ ಕಣೇ,” ಅಂದಳು. “ಬೆಡ್‌ಶೀಟ್ ಹಿಂಡ್ತಾ ಇದಾಳೆ.”

ನಿಜ. ಎಡಗೈ ಹೆಬ್ಬೆಟ್ಟು ಒಳಗೆ, ಬಲ ಮಣಿಕಟ್ಟು ಹೊರಕ್ಕೆ ತಿರುಚಿ, ಮೊಣಕೈ ಪಕ್ಕೆಗೆ ಒತ್ತಿ. ನಮ್ಮ ಓಣಿಯಲ್ಲಿ ಹುಟ್ಟಿದ ಆರು ವರ್ಷದ ಹುಡುಗಿಗೂ ಗೊತ್ತು ಅದು ಯಾವ ಹಿಡಿತವೆಂದು. ಇಸ್ತ್ರಿ ಸುಟ್ಟ ಕಲೆಯೊಂದನ್ನು ಮಾತ್ರ ಪ್ರೂಯೆಟ್ ಅಳಿಸಿಹಾಕಿದ್ದ. ಬಣ್ಣವನ್ನೂ ಅಳಿಸಿದ್ದ ಅನ್ನಿ. ಮಿಕ್ಕಿದ್ದೆಲ್ಲ ಒಜೆಲ್ಲಾ.

ಆಮೇಲೆ ಓಣಿಯಲ್ಲಿ ಅವಳನ್ನು ಯಾರೂ ಸುಮ್ಮನೆ ಬಿಡಲಿಲ್ಲ. ತೋಳು ಮೈಯಲ್ಲಿ ಚೆನ್ನಾಗಿದೆಯಾ, ಊಟ ಮಾಡಿತಾ ಎಂದು ಕೇಳುವವರು. ಮೀನು ಹುರಿಯುವ ಅಂಗಡಿಯವನು ತೋಳಿಗೆಂದೇ ಬೇರೆ ತುಂಡು ಹಾಕಿದ. ಒಜೆಲ್ಲಾ ತಾನೂ ಸೇರಿಕೊಂಡು ನಕ್ಕಳು. ಆದರೆ ನಿಜ ಹೇಳಬೇಕೆಂದರೆ, ರಾತ್ರಿ ಆ ತೋಳಿಗೆ ಮಾತ್ರ ವ್ಯಾಸಲೀನ್ ಹಚ್ಚತೊಡಗಿದ್ದಳು, ಅದು ಮಗ್ಗುಲಿಗೆ ಸಿಕ್ಕಿಕೊಳ್ಳದಂತೆ ಇನ್ನೊಂದು ಕಡೆಗೆ ಮಲಗುತ್ತಿದ್ದಳು. ಬೆಕ್ಕಿನ ಮರಿಗೆ ಯಾರೋ ಹುಲಿ ಅಂದರೆ ಅದು ಮೀಸೆ ತಿರುವಿಕೊಂಡಂತೆ. ಹಾಗೆಂದು ಅವಳೇ ಹೇಳುತ್ತಾಳೆ.

ಮೀಸೆ ತಿರುವಿದ್ದು ಸಾಲದೆ ಒಂದು ದಿನ ಚರ್ಚಿಗೆ ಹಾಕುವ ಹ್ಯಾಟು ಧರಿಸಿ ನದಿಯಾಚೆಯ ವಿಮಾನದ ಕಾರ್ಖಾನೆಗೆ ಹೋದಳು. ಯುದ್ಧದ ಕಾರ್ಖಾನೆಗಳಲ್ಲಿ ಬಣ್ಣ ನೋಡಕೂಡದೆಂದು ದೇಶದ ಅಧ್ಯಕ್ಷರೇ ಆಜ್ಞೆ ಮಾಡಿದ್ದಾರೆಂದು ಪಾದ್ರಿ ಓದಿ ಹೇಳಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಆಗ ಅವಳಿಗೆ ನೆನಪಾಗಲಿಲ್ಲ. ಹೆಂಗಸರನ್ನು ಸೇರಿಸಿಕೊಳ್ಳುವ ಕೋಣೆಯಲ್ಲಿ ಮಿಸ್ ಕೋಲ್‌ಫ್ಯಾಕ್ಸ್ ಎಂಬ ಪೂಜಾರಿ ಕೂತಿದ್ದಳು. ಹಿಂದಿನ ಗೋಡೆಯ ಮೇಲೆ ಅದೇ ಪೋಸ್ಟರ್. ಒಜೆಲ್ಲಾ ಕೋಟು ತೆಗೆದು ತೋಳು ಮಡಿಸಿದಳು.

“ದೇಶಕ್ಕೆ ತೋಳು ಬೇಕು ಅಂತ ಬರೆದಿದೀರಿ, ಮೇಡಂ. ತಂದಿದೀನಿ,” ಅಂದಳು.

ಮಿಸ್ ಕೋಲ್‌ಫ್ಯಾಕ್ಸ್ ಕೆಟ್ಟವಳಲ್ಲ. ನಮ್ಮನ್ನು ಕೊಂದವರಲ್ಲಿ ಕೆಟ್ಟವರು ಬಹಳ ಕಡಿಮೆ. ಅವಳು ಸಮಾಧಾನದಿಂದಲೇ ಹೇಳಿದಳು: ರಿವೆಟ್ ಹೊಡೆಯಲು ಕಲಿಸುವ ಶಾಲೆಗೆ ಸೇರಿಸಲು ತನಗೇನೂ ಅಡ್ಡಿಯಿಲ್ಲ. ಆದರೆ ಅಲ್ಲಿ ಕರಿಯ ಹೆಂಗಸರಿಗೆ ಬೇರೆ ಕಕ್ಕಸು ಇಲ್ಲ. ಬಿಳಿ ಹುಡುಗಿಯರು ಒಪ್ಪುವುದಿಲ್ಲ, ರೋಗ ರುಜಿನದ ಭಯ. ಕಕ್ಕಸು ಕಟ್ಟಲು ಯುದ್ಧಕಾಲದಲ್ಲಿ ಇಟ್ಟಿಗೆ ಇಲ್ಲ. ಸದ್ಯಕ್ಕೆ ‘ನೈರ್ಮಲ್ಯ ವಿಭಾಗ’ದಲ್ಲಿ ಜಾಗವಿದೆ. ಮೂರು ತಿಂಗಳು ಮಾಡು, ಆಮೇಲೆ ನೋಡೋಣ.

ನೈರ್ಮಲ್ಯ ವಿಭಾಗವೆಂದರೆ ಕಕ್ಕಸು ತೊಳೆಯುವುದು. ಅಳಿಯ ಅಲ್ಲ, ಮಗಳ ಗಂಡ. ಯಾವ ಕಕ್ಕಸು ಇವಳು ಕೂತರೆ ಮೈಲಿಗೆಯಾಗುತ್ತದೋ ಅದನ್ನು ಇವಳೇ ಕೈಹಾಕಿ ತೊಳೆದರೆ ಶುದ್ಧವಾಗುತ್ತದೆ. ಈ ಲೆಕ್ಕ ನಮ್ಮ ತಲೆಗೆ ಹತ್ತುವುದಿಲ್ಲ. ಓದಿದವರಿಗೆ ಹತ್ತುತ್ತದೆ.

ಒಜೆಲ್ಲಾ ಒಪ್ಪಿದಳು. ಬಾಗಿಲೊಳಗೆ ಒಂದು ಕಾಲು ಹಾಕಿದರೆ ಇನ್ನೊಂದು ತಾನಾಗಿ ಬರುತ್ತದೆ ಎಂದುಕೊಂಡಳು. ವರ್ಡಿಯನ್ನೂ ಎಳೆದುಕೊಂಡು ಹೋದಳು. ಬೇರೆ ಬೇರೆ ಓಣಿಗಳಿಂದ ಬಂದ ಒಂಬತ್ತು ಜನ ಇದ್ದರು, ಒಂಬತ್ತು ಬಕೆಟ್, ಒಂಬತ್ತು ಕಕ್ಕಸಿನ ಮನೆಗಳು. ರಿವೆಟ್ ಹುಡುಗಿಯರಿಗೆ ಎದೆಯ ಮೇಲೆ ಸಿಕ್ಕಿಸಲು ಫೋಟೋ ಇದ್ದ ಬ್ಯಾಡ್ಜು. ಇವರಿಗೆ ನಂಬರು ಕೊರೆದ ಹಿತ್ತಾಳೆ ಬಿಲ್ಲೆ. ಅದೇ ವಾರ ಗಂಡ ಹೋಶೇಯನ ಕಾಗದ ಬಂತು. ಬಂದೂಕು ಕೊಡುತ್ತಾರೆಂದು ಪಟ್ಟಾಳಕ್ಕೆ ಸೇರಿದವನಿಗೆ ಸಲಿಕೆ ಕೊಟ್ಟಿದ್ದರು. ಇಲ್ಲಿಯವರೆಗೆ ಶತ್ರು ಕಂಡಿಲ್ಲ, ಕಕ್ಕಸಿನ ಗುಂಡಿ ನಲವತ್ತು ತೋಡಿದ್ದೇನೆ ಎಂದು ಬರೆದಿದ್ದ. ಹಿಟ್ಲರನನ್ನು ಸೋಲಿಸಲು ಗಂಡ ಅಲ್ಲಿ ತೋಡುತ್ತಿದ್ದಾನೆ, ಹೆಂಡತಿ ಇಲ್ಲಿ ತೊಳೆಯುತ್ತಿದ್ದಾಳೆ ಎಂದು ಒಜೆಲ್ಲಾ ಓಣಿಗೆಲ್ಲ ಸಾರಿದಳು.

ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ಬರೆದು ಗೋಡೆಗೆ ಹಾಕಿದ್ದರು. ತೊಳೆಯುವವಳು ಒಳಗಿರುವಾಗ ಬಕೆಟ್ಟನ್ನು ಬಾಗಿಲಿಗೆ ಅಡ್ಡ ಇಡಬೇಕು. ಬಕೆಟ್ ಇದ್ದರೆ ಯಾರೂ ಒಳಗೆ ಬರಬಾರದು. ಕರಿಯವಳು ಬಗ್ಗಿ ತಿಕ್ಕುವಾಗ ಬಿಳಿ ಹುಡುಗಿ ಬಂದು ಅವಳ ಮೈಗೆ ಮೈ ತಾಕಿಬಿಟ್ಟರೆ ಏನು ಗತಿ, ಅದಕ್ಕೆ. ಯಾರಾದರೂ ಹೊರಗಿನಿಂದ, ಒಳಗೆ ಯಾರು ಎಂದು ಕೂಗುವರು. ಒಜೆಲ್ಲಾ ಪ್ರತಿ ಸಲ, “ಯಾರೂ ಇಲ್ಲ ಮೇಡಂ, ಒಜೆಲ್ಲಾ ಅಷ್ಟೇ,” ಎನ್ನುವಳು. ಆಮೇಲೆ ಹೊರಗೆ ಬಂದು ಬಕೆಟ್ ಎತ್ತಿಕೊಂಡು ಗೋಡೆಗೆ ಬೆನ್ನು ಹಚ್ಚಿ ನಿಲ್ಲುವಳು. ಅವರು ಮೂಗು ಬಿಗಿಹಿಡಿದು ಒಳಗೆ ಹೋಗುವರು. ನಮ್ಮ ಬಕೆಟ್ಟನ್ನು ಅವರಾರೂ ಕಾಲಿನಿಂದ ಕೂಡ ಸರಿಸುತ್ತಿರಲಿಲ್ಲ.

ತೊಳೆಯುವವರ ಕಕ್ಕಸು ಎಲ್ಲಿ? ಬಾಯ್ಲರ್ ಮನೆಯ ಹಿಂದೆ, ರೈಲು ಹಳಿ ದಾಟಿ, ಹಲಗೆ ಹೊಡೆದ ಒಂದು ಗೂಡು. ಹೋಗಿ ಬರಲು ಹದಿನೈದು ನಿಮಿಷ. ಬಿಡುವು ಹತ್ತು ನಿಮಿಷ. ಅದಕ್ಕೆ ಒಂಬತ್ತು ಜನರೂ ಬೆಳಿಗ್ಗೆಯಿಂದ ನೀರು ಕುಡಿಯುವುದು ಬಿಟ್ಟರು. ಜೂನ್ ತಿಂಗಳ ಸೆಕೆ, ತಗಡಿನ ಚಾವಣಿ, ನಾಲಿಗೆ ಅಂಗುಳಕ್ಕೆ ಅಂಟುವುದು. ಕಿಬ್ಬೊಟ್ಟೆಯಲ್ಲಿ ಉರಿ. ಸಂಜೆ ಹೋದರೆ ಕೆಂಪಗೆ. ಎಂಟು ತಾಸು ಅವರ ಉಚ್ಚೆಯಲ್ಲಿ ಮಂಡಿಯೂರಿ ತಿಕ್ಕುತ್ತ ತಮ್ಮದನ್ನು ಬಿಗಿಹಿಡಿದು ಕೂರುವುದು. ಒಂದು ದಿನ ಒಜೆಲ್ಲಾಳಿಗೆ ತಡೆಯಲಾಗಲಿಲ್ಲ. ನಡುಹಾದಿಯಲ್ಲಿ, ಒರೆಸುತ್ತಿದ್ದ ನೆಲದ ಮೇಲೆಯೇ ಹೋಗಿಬಿಟ್ಟಿತು. ನಿಂತ ಹಾಗೇ ಅದನ್ನೂ ಸೇರಿಸಿ ಒರೆಸಿದಳು.

ಸಂಜೆ ಟ್ರಾಮಿನಲ್ಲಿ ವರ್ಡಿಗೆ ಇದನ್ನು ತಮಾಷೆಯಾಗಿಯೇ ಹೇಳಿದಳು. “ಒರೆಸೋಳೇ ಆಗಿದ್ದಕ್ಕೆ ಮಾನ ಉಳೀತು ನೋಡು. ರಿವೆಟ್ ಹೊಡೆಯೋಳಾಗಿದ್ರೆ ಸಿಕ್ಕಿಬೀಳ್ತಿದ್ದೆ.” ವರ್ಡಿ ನಗಲಿಲ್ಲ. ಒಜೆಲ್ಲಾ ತಾನೇ ನಗಲು ನೋಡಿದಳು. ನಗು ಬರಲಿಲ್ಲ. ಇಬ್ಬರೂ ಕಿಟಕಿಯಾಚೆ ನೋಡಿದರು. ಅಲ್ಲಿಯೂ ಅದೇ ಪೋಸ್ಟರ್, ಅದೇ ತೋಳು.

ಇತ್ತ ಕಾರ್ಖಾನೆಯೊಳಗೆ ಆ ತೋಳು ಬೇರೆಯೇ ಪವಾಡ ಮಾಡುತ್ತಿತ್ತು. ಹೊಸದಾಗಿ ಬಂದ ಹುಡುಗಿಯರಿಗೆ ಮೇಸ್ತ್ರಿ, ಪೋಸ್ಟರಿನವಳನ್ನು ನೋಡಿ ಹಾಗೇ ಹಿಡಿಯಿರಿ ಎಂದು ಹೇಳಿಕೊಡುತ್ತಿದ್ದ. ರಿವೆಟ್ ಗನ್ನನ್ನು ಬೆಡ್‌ಶೀಟಿನ ಹಾಗೆ ತಿರುಚಿ ಹಿಡಿದರೆ ಅದು ಒದೆಯದೆ ಬಿಟ್ಟೀತೆ? ವಾರಕ್ಕೆ ನಾಲ್ಕು ಹುಡುಗಿಯರ ಮಣಿಕಟ್ಟು ಊದುತ್ತಿತ್ತು. ಬಕೆಟ್ ಇಡುವ ಮುಂಚೆಯೇ ಒಳಗೆ ಬಂದು ಕಕ್ಕಸಿನ ಕನ್ನಡಿಯ ಮುಂದೆ ಕೈಗೆ ಪಟ್ಟಿ ಸುತ್ತಿಕೊಂಡು ಅಳುತ್ತಿದ್ದ ಹುಡುಗಿಯೊಬ್ಬಳಿಗೆ ಒಜೆಲ್ಲಾ ತಡೆಯಲಾರದೆ ಪೊರಕೆಯ ಕೋಲಿನಲ್ಲಿ ತೋರಿಸಿಕೊಟ್ಟಳು: ಹೆಬ್ಬೆಟ್ಟು ಹೊರಗೆ, ಮಣಿಕಟ್ಟು ನೇರ, ತೂಕ ಭುಜಕ್ಕೆ. ತಿಂಗಳುಗಟ್ಟಲೆ ನೆಲ ಒರೆಸುತ್ತ ಒಳ್ಳೆಯ ಕೆಲಸಗಾರರ ಕೈ ನೋಡಿ ನೋಡಿ ಕಲಿತದ್ದು. ಹುಡುಗಿಯ ಕೈ ನೆಟ್ಟಗಾಯಿತು. ಯಾರು ಹೇಳಿಕೊಟ್ಟರೆಂದು ಅವಳು ಬಾಯಿ ಬಿಟ್ಟಳು. ಮೇಸ್ತ್ರಿ ಬಂದು ಒಜೆಲ್ಲಾಳಿಗೆ, ಪೊರಕೆ ಹಿಡಿದವಳು ಪೊರಕೆ ನೋಡಿಕೋ ಅಂದು ಹೋದ.

ಮೂರು ತಿಂಗಳಾಯಿತು. ರಿವೆಟ್ ಶಾಲೆಯ ಮಾತು ಕೇಳಲು ಹೋದರೆ ಮಿಸ್ ಕೋಲ್‌ಫ್ಯಾಕ್ಸ್ ಮುಂದಿನ ತಿಂಗಳು ಅಂದಳು. ಮುಂದಿನ ತಿಂಗಳು ಹೋದರೆ ಇನ್ನೂ ಮುಂದಿನ ತಿಂಗಳು. ಬಾಗಿಲೊಳಗೆ ಹಾಕಿದ ಒಂದು ಕಾಲು ಜೋಮು ಹಿಡಿಯಿತು.

ಐದನೆಯ ತಿಂಗಳಲ್ಲಿ ಬೇಗ ಬೇಗ ವಿಮಾನ ಮಾಡಿಕೊಟ್ಟ ಕಾರ್ಖಾನೆಗೆ ಪಟ್ಟಾಳದವರು ಗೌರವದ ಬಾವುಟ ಕೊಡುವುದೆಂದಾಯಿತು. ದೊಡ್ಡ ಅಧಿಕಾರಿ ಹೆಂಡತಿಯ ಜೊತೆ ಬರುವವನಿದ್ದ. ಹೊರಗೆ ಅಂಗಳದಲ್ಲಿ ವೇದಿಕೆ ಹಾಕಿದರು, ವಾದ್ಯದವರು ಬಂದರು, ಪತ್ರಿಕೆಯ ಫೋಟೋದವನು ಬಂದ. ಪೋಸ್ಟರಿನ ಹುಡುಗಿಯೇ ಜೀವಂತವಾಗಿ ಗನ್ನು ಹಿಡಿದು ನಿಲ್ಲಬೇಕೆಂದು ಯಾರಿಗೋ ಹೊಳೆಯಿತು. ಪ್ರೂಯೆಟ್ ಹ್ಯಾಟಿನ ಅಂಗಡಿಯಿಂದ ಮಿಸ್ ಅಡೀನಳನ್ನು ಕರೆತಂದ. ಕೆಂಪು ವಸ್ತ್ರ ಕಟ್ಟಿದ್ದಾಯಿತು, ತೋಳು ಮಡಿಸಿದ್ದಾಯಿತು. ಫೋಟೋದವನು ಪೋಸ್ಟರ್ ನೋಡಿದ, ಹುಡುಗಿಯನ್ನು ನೋಡಿದ. ತೋಳೆಲ್ಲಿ ಅಂದ.

ಒಂಬತ್ತು ಜನರೂ ಅಂದು ನಸುಕಿಗೇ ಬಂದು ತೊಳೆದಿದ್ದರು. ಒಜೆಲ್ಲಾ ವೇದಿಕೆಯ ಹತ್ತಿರದ ಹೆಂಗಸರ ಕಕ್ಕಸನ್ನು ಎರಡು ಸಲ ತಿಕ್ಕಿದ್ದಳು, ಅಧಿಕಾರಿಯ ಹೆಂಡತಿಗಾಗಿ ಹೊಸ ಸಬೂನು, ಇಸ್ತ್ರಿ ಮಾಡಿದ ಟವೆಲು ಇಟ್ಟಿದ್ದಳು. ಬಕೆಟ್ ಹಿಡಿದು ಹೊರಬರುವಾಗ ಪ್ರೂಯೆಟ್‌ನ ಕಣ್ಣಿಗೆ ಬಿದ್ದಳು. ಅವನು ಕಳೆದುಹೋದ ಕೊಡೆ ಸಿಕ್ಕಿದವನ ಹಾಗೆ ಓಡಿಬಂದ. ಅವಳ ಹೆಸರು ಅವನಿಗೆ ನೆನಪಾಗಲಿಲ್ಲ. ತೋಳು ನೆನಪಿತ್ತು.

ಐದು ನಿಮಿಷದಲ್ಲಿ ಎಲ್ಲ ಗೊತ್ತುಮಾಡಿದರು. ಬಾವುಟದ ಬಟ್ಟೆಯ ಹಿಂದೆ ಒಜೆಲ್ಲಾ ನಿಲ್ಲುವುದು. ಬಟ್ಟೆಯ ಸಂದಿಯಿಂದ ಅವಳ ತೋಳು ಹೊರಬರುವುದು. ಮುಂದೆ ಮಿಸ್ ಅಡೀನಳ ಮುಖ. ಬಣ್ಣಕ್ಕೆ ಪೌಡರ್ ಇದೆ, ಫೋಟೋ ಕಪ್ಪು ಬಿಳುಪಿನದು, ದೊಡ್ಡ ದೀಪ ಬಿಟ್ಟರೆ ಏನೂ ತಿಳಿಯುವುದಿಲ್ಲ.

ಮಿಸ್ ಕೋಲ್‌ಫ್ಯಾಕ್ಸ್ ಅವಳನ್ನು ಬದಿಗೆ ಕರೆದಳು. “ಇದೊಂದು ಮಾಡಿಕೊಡು, ಒಜೆಲ್ಲಾ. ಸೋಮವಾರದಿಂದ ನೀನು ರಿವೆಟ್ ಶಾಲೆಯಲ್ಲಿ. ನನ್ನ ಮಾತು.”

ಇಲ್ಲಿಗೆ ಬಂದಾಗ ಒಜೆಲ್ಲಾ ಯಾವಾಗಲೂ ನಮ್ಮ ಮುಖಗಳನ್ನು ನೋಡುತ್ತಾಳೆ. ನಾವೆಲ್ಲ ಅವಳು ಆ ಕ್ಷಣವೇ ಬಕೆಟ್ ಎತ್ತಿ ಅವರ ತಲೆಗೆ ಸುರಿದಳೆಂದು ಕೇಳಲು ಬಯಸುತ್ತೇವೆ. ಅವಳು ಹಾಗೆ ಮಾಡಲಿಲ್ಲ. ತೋಳು ಚಾಚಿದಳು. ಚಾಚಿದ್ದೇ ಅಲ್ಲ, ಪೌಡರ್ ಸರಿಯಾಗಿ ಹತ್ತಲೆಂದು ಏಪ್ರನ್ನಿನ ಅಂಚಿನಿಂದ ಬೆವರು ಒರೆಸಿಕೊಟ್ಟಳು. ತಾಯಿಯ ಬಗ್ಗದ ಬೆರಳುಗಳು ಕಣ್ಣಮುಂದೆ ಬಂದಿದ್ದವು. ಹಿತ್ತಲ ಹಂಡೆ ಬಂದಿತ್ತು. ಸೋಮವಾರ ಎಂಬ ಒಂದು ಮಾತಿಗೆ ಅವಳು ಎರಡು ತೋಳನ್ನೂ ಕೊಯ್ದು ಕೊಡುತ್ತಿದ್ದಳು. ಮಿಸ್ ಅಡೀನ್ ಡಬ್ಬಿ ತೆರೆದು ಮೊಣಕೈಯಿಂದ ಮುಂಗೈವರೆಗೆ ಬಡಿದಳು. ಹುರಿಯುವ ಮುಂಚೆ ಹಿಟ್ಟಿನಲ್ಲಿ ಹೊರಳಿಸಿದ ಮೀನಿನ ಹಾಗಾಯಿತು ತೋಳು.

ಅಷ್ಟರಲ್ಲಿ ಅವಳಿಗೆ ಅವಸರವಾಯಿತು.

ನಸುಕಿನಿಂದ ತಡೆದದ್ದು. ಬೆಳಿಗ್ಗೆ ಗಾಬರಿಯಲ್ಲಿ ಎರಡು ಲೋಟ ಕಾಫಿ ಬೇರೆ ಕುಡಿದಿದ್ದಳು. ಮೇಡಂ, ಒಂದು ಸಲ ಹೋಗಿ ಬರುತ್ತೇನೆ ಅಂದಳು. ಎಲ್ಲಿಗೆ ಎಂದು ಮಿಸ್ ಕೋಲ್‌ಫ್ಯಾಕ್ಸ್ ಕೇಳಿದಳು. ಬಾಯ್ಲರ್ ಮನೆಯ ಹಿಂದಕ್ಕೆ. ಅಧಿಕಾರಿಯ ಕಾರು ಗೇಟಿಗೆ ಬಂದಾಗಿತ್ತು.

“ಹದಿನೈದು ನಿಮಿಷ ಈಗೆಲ್ಲಿಂದ ತರೋದು? ತಡ್ಕೋ,” ಅಂದಳು ಮಿಸ್ ಕೋಲ್‌ಫ್ಯಾಕ್ಸ್. “ತಡ್ಕೊಳ್ಳೋದು ಅಭ್ಯಾಸ ಇದೆಯಲ್ಲ ನಿಂಗೆ.”

ಅವಳು ಹಂಗಿಸಲು ಹೇಳಿದ್ದಲ್ಲ. ಅದೇ ಒಜೆಲ್ಲಾಳಿಗೆ ಇರಿದದ್ದು. ಗೊತ್ತಿತ್ತು ಇವಳಿಗೆ. ಒಂಬತ್ತು ಹೆಂಗಸರು ನೀರು ಕುಡಿಯುವುದಿಲ್ಲ, ಕೆಂಪಗೆ ಹೋಗುತ್ತದೆ, ನಿಂತಲ್ಲಿ ಹೋಗಿಬಿಡುತ್ತದೆ, ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಮುಂದಿನ ತಿಂಗಳು ಅನ್ನುತ್ತಿದ್ದಳು. ಇವಳ ಸೋಮವಾರವೂ ಅದೇ ಮುಂದಿನ ತಿಂಗಳ ತಂಗಿ.

“ಮೇಡಂ,” ಅಂದಳು ಒಜೆಲ್ಲಾ, “ನಿಮ್ಮ ಪೋಸ್ಟರಿನವಳು ಗನ್ನು ಹಿಡಿದಿಲ್ಲ. ಬೆಡ್‌ಶೀಟ್ ಹಿಂಡ್ತಾ ಇದಾಳೆ. ಹಾಗೆ ಹಿಡಿದ್ರೆ ಕೈ ಮುರಿಯತ್ತೆ. ನಿಮಗ್ಯಾರಿಗೂ ಗೊತ್ತಿಲ್ಲ, ನಂಗೆ ಗೊತ್ತು. ತೋಳು ಬೇಕು, ತೋಳಿಗೆ ಅಂಟಿಕೊಂಡೋಳು ಬೇಡ ಅಂದ್ರೆ ಆಗಲ್ಲ. ತೋಳು ಬಂದ್ರೆ ಉಚ್ಚೆನೂ ಬರತ್ತೆ.”

ಬಕೆಟ್ ಎತ್ತಿಕೊಂಡಳು. ಒಂದು ತೋಳು ಬೆಳ್ಳಗೆ, ಒಂದು ತೋಳು ಕಪ್ಪಗೆ. ವಾದ್ಯದವರ ಮುಂದಿನಿಂದ, ಕುರ್ಚಿಗಳ ಸಾಲಿನ ಮುಂದಿನಿಂದ ನಡೆದಳು. ಯಾವುದೋ ಸರ್ಕಸ್ಸಿನಿಂದ ತಪ್ಪಿಸಿಕೊಂಡು ಬಂದ ಹಾಗೆ ಕಾಣುತ್ತಿದ್ದೆ ಎಂದು ಅವಳೇ ಹೇಳುತ್ತಾಳೆ. ನೇರವಾಗಿ ತಾನು ಬೆಳಿಗ್ಗೆ ಎರಡು ಸಲ ತಿಕ್ಕಿದ ಬಿಳಿಯ ಹೆಂಗಸರ ಕಕ್ಕಸಿಗೆ ಹೋದಳು. ಬಕೆಟ್ಟನ್ನು ಬಾಗಿಲಿಗೆ ಅಡ್ಡ ಇಟ್ಟಳು. ಒಳಗೆ ಹೋಗಿ ಮೊದಲನೆಯದರಲ್ಲೇ ಕೂತಳು.

ಐದು ತಿಂಗಳು ತಡೆದದ್ದು ಅಷ್ಟು ಬೇಗ ಮುಗಿಯುವುದಿಲ್ಲ. ಅವಳಿಗೆ ಅಳು ಬಂತು. ಕಕ್ಕಸಿನಲ್ಲಿ ಕೂತು ಸುಖಕ್ಕೆ ಅಳುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು ಅನ್ನಿಸಿ ನಗುವೂ ಬಂತು. ಹೊರಗೆ ಹೆಜ್ಜೆಗಳು ಓಡಿ ಬಂದವು. ಬಕೆಟ್ಟಿನ ಹತ್ತಿರ ನಿಂತವು.

ಮಿಸ್ ಕೋಲ್‌ಫ್ಯಾಕ್ಸ್ ಬೈದಳು. ಪ್ರೂಯೆಟ್ ಬೇಡಿಕೊಂಡ. ಯಾರೂ ಒಳಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಧ್ವನಿ, ಮೆಲ್ಲನೆಯದು, ವಯಸ್ಸಾದದ್ದು. ಅಧಿಕಾರಿಯ ಹೆಂಡತಿ. ದೂರದಿಂದ ಕಾರಿನಲ್ಲಿ ಬಂದಿದ್ದಾಳೆ, ಅವಳಿಗೂ ಅವಸರ. ಬಕೆಟ್ ಇದ್ದರೆ ಹೋಗುವಂತಿಲ್ಲವೆಂದು ಯಾರೋ ಅವಳಿಗೆ ನಿಯಮ ವಿವರಿಸುತ್ತಿದ್ದರು.

“ಒಳಗೆ ಯಾರು?” ಎಂದು ಆ ಹೆಂಗಸು ಕೇಳಿದಳು.

ಅಭ್ಯಾಸದಿಂದ, ಯಾರೂ ಇಲ್ಲ ಮೇಡಂ, ಎಂದು ನಾಲಿಗೆಯ ತುದಿಗೆ ಬಂದಿತ್ತು. ಒಜೆಲ್ಲಾ ಅದನ್ನು ನುಂಗಿದಳು.

“ಮಿಸೆಸ್ ಟಿಬ್ಸ್,” ಅಂದಳು. “ಕಾಯಿರಿ. ಕೆಲಸ ನಡೀತಿದೆ.”

ಆಮೇಲೆ ಎದ್ದು, ಅವರ ತೊಟ್ಟಿಯಲ್ಲಿ, ಅವರ ಹೊಸ ಸಬೂನಿನಲ್ಲಿ ತೋಳಿನ ಪೌಡರ್ ತೊಳೆದುಕೊಂಡಳು. ತಾನೇ ಇಸ್ತ್ರಿ ಮಾಡಿದ ಟವೆಲಿನಲ್ಲಿ ಒರೆಸಿಕೊಂಡಳು. ನಲ್ಲಿಗೆ ಬೊಗಸೆಯೊಡ್ಡಿ ಹೊಟ್ಟೆ ತುಂಬ ನೀರು ಕುಡಿದಳು. ಹೊರಗೆ ಬಂದಾಗ ಮಿಸ್ ಕೋಲ್‌ಫ್ಯಾಕ್ಸ್‌ಳ ಮುಖ ಸುಣ್ಣವಾಗಿತ್ತು. ಕೆಲಸದಿಂದ ತೆಗೆದಿದ್ದೇನೆ ಅಂದಳು. ಒಜೆಲ್ಲಾ ಹಿತ್ತಾಳೆಯ ಬಿಲ್ಲೆ ಬಿಚ್ಚಿ ಅವಳ ಕೈಗಿಟ್ಟು ಗೇಟಿನ ಕಡೆ ನಡೆದಳು. ಬಕೆಟ್ ಅಲ್ಲೇ ಇತ್ತು.

ಗೇಟು ದಾಟುವ ಹೊತ್ತಿಗೆ ಲೆಕ್ಕ ಹಾಕಿದಳು. ರಿವೆಟ್ ಶಾಲೆ ಹೋಯಿತು, ಪೊರಕೆಯೂ ಹೋಯಿತು. ಮುಂದಿನ ವಾರ ಮತ್ತೆ ಹಂಡೆ. ತೋಳು ಬೀಸಿ ನಡೆದ ವೀರಾಗ್ರಣಿ ಗೇಟಿನಾಚೆಯ ಕಲ್ಲಿನ ಮೇಲೆ ಮುದುಡಿ ಕೂತಳು. ಹಿಂದಿನಿಂದ ಹೆಜ್ಜೆಗಳ ಸದ್ದು. ವರ್ಡಿ ಬರುತ್ತಿದ್ದಳು, ಅವಳ ಹಿಂದೆ ಮಿಕ್ಕ ಏಳು ಜನ. ಎಲ್ಲರ ಕೈಯೂ ಖಾಲಿ.

“ನಿಮ್ಮ ಬಕೆಟ್ಟೆಲ್ಲಿ?” ಎಂದು ಒಜೆಲ್ಲಾ ಕೇಳಿದಳು.

“ಬಾಗಿಲಿಗೆ ಅಡ್ಡ ಇಟ್ಟು ಬಂದ್ವಿ, ಅತ್ತಿಗೆ,” ಅಂದಳು ವರ್ಡಿ. “ಒಂಬತ್ತಕ್ಕೂ.”

ಒಳಗೆ ಯಾರೂ ಇಲ್ಲ. ಹೊರಗೆ ಸಾವಿರಗಟ್ಟಲೆ ಹೆಂಗಸರು. ನಿಯಮ ಗೋಡೆಯ ಮೇಲಿದೆ, ಬಕೆಟ್ ಬಾಗಿಲಲ್ಲಿದೆ, ಅದನ್ನು ಸರಿಸಬೇಕೆಂದರೆ ಮುಟ್ಟಬೇಕು. ನಮ್ಮ ಬಕೆಟ್ ಮುಟ್ಟುವವರು ಯಾರು? ಮುಕ್ಕಾಲು ತಾಸು ಹಾಗೇ ನಿಂತಿದ್ದರೆಂದು ಮಣಿಕಟ್ಟು ನೆಟ್ಟಗಾದ ಹುಡುಗಿ ಆಮೇಲೆ ಟ್ರಾಮಿನಲ್ಲಿ ಸಿಕ್ಕಾಗ ವರ್ಡಿಗೆ ಹೇಳಿದಳಂತೆ. ಅಧಿಕಾರಿ ದೇಶಪ್ರೇಮದ ಭಾಷಣ ಮಾಡುವಾಗ ಅವನ ಹೆಂಡತಿ ಕುರ್ಚಿಯಲ್ಲಿ ಕಾಲು ಹೆಣೆದುಕೊಂಡು ಕೂತಿದ್ದಳಂತೆ. ತಡೆದುಕೊಳ್ಳುವುದು ಅವರಿಗೆ ಅಭ್ಯಾಸವಿರಲಿಲ್ಲ, ಪಾಪ. ಮರುದಿನದ ಪತ್ರಿಕೆಯಲ್ಲಿ ಫೋಟೋ ಬಂತು. ಮಿಸ್ ಅಡೀನ್ ಮುಂಗೈವರೆಗೆ ಮುಚ್ಚುವ ಅಂಗಿ ಹಾಕಿಕೊಂಡು ನಗುತ್ತಿದ್ದಳು.

ಒಂಬತ್ತು ಜನರ ಜಾಗಕ್ಕೆ ಬಿಳಿಯರಲ್ಲಿ ಯಾರೂ ಬರಲಿಲ್ಲ. ಬಟ್ಟೆ ಒಗೆಯುವ ಓಣಿಗಳಿಂದಲೂ ಯಾರೂ ಹೋಗಲಿಲ್ಲ, ಪಾದ್ರಿ ಭಾನುವಾರ ಎರಡು ಮಾತು ಹೇಳಿದ್ದರು, ಹೆಂಗಸರು ಇನ್ನೂ ನಾಲ್ಕು ಸೇರಿಸಿದ್ದರು. ಗುರುವಾರದ ಹೊತ್ತಿಗೆ ಕಾರ್ಖಾನೆಯ ನಾತ ನದಿ ದಾಟಿ ಬಂತೆಂದು ಒಜೆಲ್ಲಾ ಹೇಳುತ್ತಾಳೆ. ಅಷ್ಟು ನಾವು ನಂಬಬೇಕಾಗಿಲ್ಲ.

ಶುಕ್ರವಾರ ಬೆಳಿಗ್ಗೆ ನಮ್ಮ ಓಣಿಗೆ ಕಾರು ಬಂತು. ಒಜೆಲ್ಲಾ ಮನೆಮುಂದಿನ ಬಿಳಿಕಲ್ಲಿನ ಮೆಟ್ಟಿಲು ಉಜ್ಜುತ್ತಿದ್ದಳು. ವಾರವಿಡೀ ಬಿಳಿಯರ ಮೆಟ್ಟಿಲು ಉಜ್ಜಿದವರೂ ಶುಕ್ರವಾರ ತಮ್ಮ ಮೆಟ್ಟಿಲು ಉಜ್ಜದೆ ಇರುವುದಿಲ್ಲ, ಅದು ನಮ್ಮ ಊರಿನ ಹುಚ್ಚು. ಮಿಸ್ ಕೋಲ್‌ಫ್ಯಾಕ್ಸ್ ಕಾರಿನಿಂದ ಇಳಿದು ಕೆಳಗೆ ನಿಂತಳು. ಸುತ್ತ ಎಲ್ಲ ಮೆಟ್ಟಿಲುಗಳ ಮೇಲೂ ಹೆಂಗಸರು ಉಜ್ಜುವುದನ್ನು ನಿಲ್ಲಿಸಿದರು.

ಎಲ್ಲರೂ ವಾಪಸು ಬರಬಹುದು ಎಂದು ಅವಳು ಹೇಳಿದಳು. ಸಂಬಳ ಸ್ವಲ್ಪ ಹೆಚ್ಚು. ಬಾಯ್ಲರ್ ಮನೆಯ ಈಚೆಗೇ ಬೇರೆ ಕಕ್ಕಸು ಕಟ್ಟಿಸುತ್ತಾರಂತೆ. ಇಟ್ಟಿಗೆ ಸಿಕ್ಕಿದೆ.

ಒಜೆಲ್ಲಾ ಮಂಡಿಯೂರಿದಲ್ಲಿಂದ ತಲೆ ಎತ್ತಿದಳು. ತೋಳು ಮೊಣಕೈವರೆಗೆ ನೊರೆಯಾಗಿತ್ತು. ಭಯವಿಲ್ಲದೆ ಇರಲಿಲ್ಲ. ಮನೆಯಲ್ಲಿ ಮುಕ್ಕಾಲು ಚೀಲ ಮೆಕ್ಕೆಜೋಳದ ಹಿಟ್ಟು ಬಿಟ್ಟರೆ ಏನೂ ಇರಲಿಲ್ಲ.

“ರಿವೆಟ್ ಶಾಲೆ?” ಅಂದಳು.

“ಅದು ನನ್ನ ಕೈಯಲ್ಲಿಲ್ಲ, ಒಜೆಲ್ಲಾ. ಮೇಲಿನವರನ್ನ ಕೇಳಬೇಕು.”

“ಕೇಳ್ಕೊಂಡು ಬನ್ನಿ. ಅವರು ಮೇಲೆ ಯಾರನ್ನ ಕೇಳಬೇಕೋ ಕೇಳ್ಕೊಂಡು ಬರ್ಲಿ. ಇಟ್ಟಿಗೆ ಬೇಡ ಅಂತ ಹೇಳಿ. ಇರೋ ಕಕ್ಕಸಲ್ಲೇ ಬೇಕಾದಷ್ಟ್ ಜಾಗ ಇದೆ, ನಾನು ನೋಡಿದೀನಿ.”

ಮಿಸ್ ಕೋಲ್‌ಫ್ಯಾಕ್ಸ್ ಒಳಗೆ ಕೂತು ಮಾತಾಡೋಣವೇ ಎಂದು ಕೇಳಿದಳು. ಮೊದಲ ಮೆಟ್ಟಿಲಿಗೆ ಕಾಲೆತ್ತಿದ್ದಳು ಕೂಡ. ಒಜೆಲ್ಲಾ ಎದ್ದಳು. ನೊರೆ ನೀರಿನ ತನ್ನ ಬಕೆಟ್ಟನ್ನು ಎತ್ತಿ ತನ್ನ ಮನೆಯ ಬಾಗಿಲಿಗೆ ಅಡ್ಡ ಇಟ್ಟು ಒಳಗೆ ಹೋದಳು.

ಮಿಸ್ ಕೋಲ್‌ಫ್ಯಾಕ್ಸ್ ಎತ್ತಿದ ಕಾಲನ್ನು ಕೆಳಗಿಳಿಸಿ, ಓಣಿಯ ಹೆಂಗಸರೆಲ್ಲ ನೋಡುತ್ತಿರುವಂತೆ, ಹೊರಗೆ ಕಾಯುತ್ತ ನಿಂತಳು.